ಸುರ್ ಎಂದ ಮೇಲಿನ ಮೌನ

“ಈ ಸಲ ಚಿಗುರು ಬರುತ್ತೋ, ಇಲ್ಲ ನಮ್ಮನ್ನ ಮರೆತೇಬಿಡ್ತೋ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿದವಳು ಚಹಾ ಮಂಡಿಯಲ್ಲಿ ನೀರು ಕಾಯಿಸುವ ಹೆಂಗಸು. ಎಲ್ಲರ ಬಾಯಲ್ಲೂ ಕೆಟ್ಲಮ್ಮ. ರುಚಿ ನೋಡಲು ಬಂದ ಎಲೆಯನ್ನು ತೂಗಿ, ಕುದಿನೀರು ಹೊಯ್ದು, ಬಸಿದು, ಬಟ್ಟಲುಗಳನ್ನು ಸಾಲಾಗಿ ಇಡುವುದು ಹನ್ನೆರಡು ವರ್ಷದಿಂದ ಅವಳ ಕೆಲಸ. ಅದರಲ್ಲಿ ಒಂದು ಗುಟುಕನ್ನೂ ಅವಳು ಕುಡಿದವಳಲ್ಲ. ಹಲಗೆಯ ತಡಿಕೆಯ ಈಚೆ ಕೂತು ಬರೀ ಕೇಳಿದವಳು.

ತಡಿಕೆಯ ಆಚೆ ಕೂರುತ್ತಿದ್ದವನು ರುಚಿ ನೋಡುವವನು. ಚಮಚದಿಂದ ಚಹಾ ಎಳೆದನೆಂದರೆ ಮೂರು ಕೋಣೆಗೆ ಕೇಳುವಂತೆ ಸುರ್ ಎನ್ನುತ್ತಿತ್ತು. ಅದಕ್ಕೇ ಸುರ್ರಪ್ಪ ಎಂಬ ಹೆಸರು. ಆ ಸದ್ದಿನಲ್ಲೇ ಕೆಟ್ಲಮ್ಮನಿಗೆ ಎಲೆ ಯಾವ ಕಾಲದ್ದೆಂದು ತಿಳಿಯುತ್ತಿತ್ತು. ಮಳೆಗಾಲದ್ದಾದರೆ ಗಿಡ್ಡ ಸುರ್, ಒಡನೆ ಉಗುಳುವ ಸದ್ದು. ಬೇಸಿಗೆಯದಾದರೆ ಎರಡು ಸಲ ಎಳೆಯುತ್ತಿದ್ದ. ಮಳೆ ನಿಂತ ಮೇಲಿನ ಎಲೆಗೆ ಮೂಗಿನಲ್ಲೇ ‘ಹ್ಞೂಂ’ ಎಂದು ಒಪ್ಪಿಗೆ. ಚಳಿ ಕಳೆದು ಬರುವ ಮೊದಲ ಚಿಗುರಿಗೆ ಮಾತ್ರ ಉದ್ದನೆಯ ಸುರ್, ಆಮೇಲೆ ಮೌನ. ಅವಳ ಅಜ್ಜಿ ಪದ್ಯ ಹೇಳುವಾಗ ದೇವರ ಹೆಸರು ಬರುವ ಮುಂಚೆ ಉಸಿರು ಹಿಡಿಯುತ್ತಿದ್ದಳಲ್ಲ, ಅಷ್ಟೇ ಹೊತ್ತು. ಆಗ ಕೆಟ್ಲಮ್ಮ ಕೈಯಲ್ಲಿದ್ದ ಬಟ್ಟೆಯನ್ನೂ ಅಲುಗಿಸುತ್ತಿರಲಿಲ್ಲ. ವರ್ಷಕ್ಕೆ ಹತ್ತು ಹದಿನೈದು ದಿನ ಸಿಗುವ ಆ ಮೌನವನ್ನು ನೆನೆದುಕೊಂಡೇ ಉಳಿದ ದಿನಗಳನ್ನು ಕಳೆಯುತ್ತಿದ್ದಳು.

ಚಳಿಗಾಲದಲ್ಲಿ ಸುರ್ರಪ್ಪ ಜ್ವರ ಹಿಡಿದು ಮಲಗಿದ. ಮೂರು ತಿಂಗಳಿಂದ ಆ ಕುರ್ಚಿಯಲ್ಲಿ ಮಂಡಿಯ ಯಜಮಾನ್ತಿಯ ತಂಗಿ ಮಗ. ಅವನಿಗೆ ಎಲ್ಲ ಕಾಲಕ್ಕೂ ಒಂದೇ ಸುರ್.

ಆ ಬೆಳಿಗ್ಗೆ ಚಿಗುರಿನ ಪೆಟ್ಟಿಗೆ ಬಂತು. ಅದರ ಹಿಂದೆಯೇ, ಅಂಗಿ ಒಂದಳತೆ ದೊಡ್ಡದಾದಂತೆ ಕಾಣುವ ಸುರ್ರಪ್ಪ.

“ಏನ್ ಕೆಟ್ಲಮ್ಮ, ಕುದೀತಾ ಇರೋದು ನೀರೋ, ನಿನ್ನ ತಲೆಯೋ?”

“ಎರಡೂ. ಮೂರು ತಿಂಗಳು ಆಯ್ತಲ್ಲ, ಒಂದು ಸುದ್ದಿನಾದ್ರೂ ಬೇಡ್ವಾ?”

“ಯಜಮಾನ್ತಿ ಹೇಳಿಕಳಿಸಿದ್ರು. ಕಣ್ಣು ಕಟ್ಟಿ ನಾಲ್ಕು ಕಾಲದ ನಾಲ್ಕು ಬಟ್ಟಲು ಕೊಡ್ತಾರಂತೆ. ಸರಿಯಾಗಿ ಹೇಳಿದ್ರೆ ನಾಳೆಯಿಂದ ಕುರ್ಚಿ ನಂದೇ.”

“ಕಣ್ಣು ಯಾಕೆ ಕಟ್ಟೋದು?”

“‘ಬಣ್ಣ ನೋಡಿ ನನ್ನ ತಂಗಿ ಮಗನೂ ಹೇಳ್ತಾನೆ’ ಅಂದ್ರಂತೆ!”

ಇಬ್ಬರೂ ನಕ್ಕರು. ಯಜಮಾನ್ತಿ ಬರಲು ಇನ್ನೂ ಹೊತ್ತಿತ್ತು. ಕೆಟ್ಲಮ್ಮನಿಗೆ ತಡೆಯಲಾಗಲಿಲ್ಲ. ಹೊಸ ಪೆಟ್ಟಿಗೆಯಿಂದ ಒಂದು ಚಿಟಿಕೆ ತೂಗಿ, ನೀರು ಹೊಯ್ದು, ಐದು ನಿಮಿಷ ಮುಚ್ಚಿಟ್ಟು, ಬಸಿದು ಅವನ ಮುಂದಿಟ್ಟವಳೇ ತಡಿಕೆಯ ಈಚೆಗೆ ಬಂದು ಕೂತಳು.

ಸುರ್. ಉದ್ದವೇ ಇತ್ತು. ಅವಳು ಉಸಿರು ಹಿಡಿದಳು.

“ಆಹಾ! ಬಹಳ ಚೆನ್ನಾಗಿದೆ ಕಣಮ್ಮ!”

ಚಿಗುರು ಬಾಯಿಗೆ ಬಿದ್ದೊಡನೆ ಅವನು ಮಾತಾಡಿದ್ದನ್ನು ಹನ್ನೆರಡು ವರ್ಷದಲ್ಲಿ ಅವಳು ಕೇಳಿರಲಿಲ್ಲ. ಎದ್ದು ತಡಿಕೆಯ ಆಚೆಗೆ ಹೋದಳು.

“ಚಿಗುರು ಕುಡಿದು ನೀನು ಮಾತಾಡಿದ್ದು ನಾನು ಕೇಳೇ ಇಲ್ಲ. ಏನೂ ತಿಳೀಲಿಲ್ಲ, ಅಲ್ವಾ?”

ಸುರ್ರಪ್ಪ ಬಟ್ಟಲನ್ನೇ ನೋಡಿದ. “ಜ್ವರ ಹೋಗ್ತಾ ಮೂಗು ನಾಲಗೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಯ್ತು. ಬಿಸಿ ಒಂದು ಗೊತ್ತಾಗುತ್ತೆ, ಅಷ್ಟೇ. ಮನೇಲೂ ಹೇಳಿಲ್ಲ.”

ಅವನು ದನಿ ತಗ್ಗಿಸಿದ.

“ಬಟ್ಟಲು ಜೋಡಿಸೋಳು ನೀನೇ ತಾನೆ? ಎಡದಿಂದ ಚಿಗುರು, ಬೇಸಿಗೆ, ಮಳೆ, ಆಮೇಲಿಂದು. ಇದೊಂದು ಸಲ ಹಾಗೆ ಇಟ್ಟುಬಿಡು. ಮುಂದೆ ಬಣ್ಣ ನೋಡಿಕೊಂಡು ಹೇಗೋ ಸಂಭಾಳಿಸ್ತೀನಿ. ದಿನಾ ಬಂದು ಇಲ್ಲೇ ಕೂತಿರ್ತೀನಿ, ಮೊದಲಿನ ಥರಾನೇ.”

ದಿನಾ. ಕುರ್ಚಿ ಕಿರುಗುಟ್ಟುವುದು, ಚಮಚ ಬಟ್ಟಲಿಗೆ ತಾಗುವುದು, ನಡುನಡುವೆ ಅವನ ಒಣ ಕೆಮ್ಮು, ಎಲ್ಲವೂ ತಡಿಕೆಯ ಆಚೆಗೆ ಮರಳಿ ಬರುತ್ತವೆ. ಅವಳ ಕೈ ಎಲೆಯ ಡಬ್ಬಿಗಳ ಕಡೆಗೆ ತಾನಾಗಿಯೇ ಹೋಗಿತ್ತು. ಮುಂದಿನ ವರ್ಷದ ಚಿಗುರೂ ಬರುತ್ತದೆ. ಆಗಲೂ ಅವಳು ಉಸಿರು ಹಿಡಿದು ಕೂರುತ್ತಾಳೆ. ಅವಳು ಕೇಳುತ್ತಿದ್ದಾಳೆಂದು ಈಗ ಅವನಿಗೆ ಗೊತ್ತು. ಅವಳ ಮೇಲಿನ ಅಕ್ಕರೆಯಿಂದಾದರೂ ಅವನು ಎಳೆದು, ಬಾಯಿ ಮುಚ್ಚಿಕೊಂಡು, ಏನೂ ತಿಳಿಯದೆಯೇ ಸುಮ್ಮನೆ ಕೂತಾನು. ಆ ಮೌನದಲ್ಲಿ ಚಿಗುರು ಇರುವುದಿಲ್ಲ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಮೆಟ್ಟಿಲ ಮೇಲೆ ಯಜಮಾನ್ತಿಯ ಚಪ್ಪಲಿ ಸದ್ದು ಕೇಳಿತು.

“ಬಂದ್ರು, ಬೇಗ ಹೇಳು. ಇಡ್ತೀಯಲ್ಲ ಕೆಟ್ಲಮ್ಮ?”

“ಇಲ್ಲ,” ಎಂದಳು. “ಇಡಲ್ಲ.”