ಸೂರತ್ತಿನ ಸೀತನಿ

ಪ್ರತಿ ಚಳಿಗಾಲ ಹೇಮಲತಾ ಅಹಮದಾಬಾದಿನಿಂದ ಬೆಳಗಿನ ರೈಲು ಹಿಡಿದು ಸೂರತ್ತಿಗೆ ಹೋಗುತ್ತಿದ್ದಳು. ಗೆಳತಿ ಸುಲೋಚನಾಳ ಜೊತೆ ತಾಪಿ ದಂಡೆಯ ಅಂಗಡಿಯಲ್ಲಿ ಹೊಟ್ಟೆ ತುಂಬ ಪೋಂಕ್ ತಿಂದು, ಅಡಾಜಣ್‌ನ ಅವಳ ಮನೆಯಲ್ಲಿ ಹರಟಿ, ಸಂಜೆ ಹಿಂತಿರುಗುವುದು ವಾಡಿಕೆ. ಪೋಂಕ್ ಅಂದರೆ ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಉದುರಿಸಿದ ಹಸಿರು ಕಾಳು. ವಿಜಯಪುರದವಳಾದ ಸುಲೋಚನಾ ಮಾತ್ರ ಅದನ್ನು ಒಂದು ದಿನವೂ ಪೋಂಕ್ ಅನ್ನಲಿಲ್ಲ. ಅವಳಿಗೆ ಅದು ಸೀತನಿ. ಅಂಗಡಿಯವರ ಹತ್ತಿರವೂ "ಸೀತನಿ ಆಪೋ" ಎಂದೇ ಕೇಳುತ್ತಿದ್ದಳು, ಅವರೂ ನಗುತ್ತ ತೂಗಿ ಕೊಡುತ್ತಿದ್ದರು.

ಈ ಸಲದ ಮಳೆಗಾಲದಲ್ಲಿ ಸುಲೋಚನಾ ತೀರಿಕೊಂಡಳು. ಕಾಯಿಲೆ ಹಳೆಯದೇ. ಇಬ್ಬರೂ ಆಡಬೇಕಾದ ಮಾತನ್ನೆಲ್ಲ ಆಡಿ ಮುಗಿಸಿದ್ದರು. ಆದರೂ ಚಳಿ ಶುರುವಾದಾಗ ಹೇಮಲತಾಳಿಗೆ ಸೂರತ್ತಿನ ಹೆಸರೇ ಬೇಡವಾಯಿತು.

ಒಂದು ದಿನ ಸುಲೋಚನಾಳ ಮಗಳು ವಿಂಧ್ಯಾ ಫೋನ್ ಮಾಡಿದಳು. ಸೂರತ್ತಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ತಾಯಿಯಿಂದ ಕಲಿತ ಕನ್ನಡದ ನಡುವೆ ಹಿಂದಿ ನುಸುಳುತ್ತಿತ್ತು. ಹೇಮಲತಾ ಅವಳಿಗೆ ಮಾಸಿ, ಅಂದರೆ ಚಿಕ್ಕಮ್ಮ.

"ಮಾಸಿ, ಪೋಂಕ್ ಆ ಗಯಾ, ಅಂಗಡಿಗೆ ಬಂದದ. ಯಾವಾಗ ಬರ್ತೀರಿ?"

ಬರುತ್ತೀರಾ ಎಂದು ಕೇಳಲಿಲ್ಲ, ಯಾವಾಗ ಎಂದು ಕೇಳಿದಳು. ಹೇಮಲತಾ ತಡವರಿಸುತ್ತಿದ್ದಾಗ ಗಂಡ ದಿವಾಕರ ಪೇಪರಿನಿಂದ ತಲೆಯೆತ್ತಿ, "ಹೋಗಿ ಬಾರೇ. ಮಗು ಕರೀತಿದೆ" ಎಂದ.

ವಿಂಧ್ಯಾ ಸ್ಟೇಷನ್ನಿಗೆ ಸ್ಕೂಟರ್ ತಂದಿದ್ದಳು. ಸೇತುವೆ ದಾಟಿ ನೇರ ಅಂಗಡಿಗೇ ಕರೆದುಕೊಂಡು ಹೋದಳು. ಬಿಸಿ ಕಾಳು, ಮೆಣಸಿನ ಸೇವ್, ಲೋಟದ ತುಂಬ ಮಜ್ಜಿಗೆ ಬಂದವು. ಮೊದಲ ಮುಕ್ಕು ಬಾಯಿಗೆ ಬಿದ್ದಾಗ ಹೇಮಲತಾಳಿಗೆ ಸುಲೋಚನಾ ನೆನಪಾದಳು. ಸುಧಾರಿಸಿಕೊಳ್ಳಲು ಪ್ರತಿ ವರ್ಷ ಹೇಳುತ್ತಿದ್ದ ಕತೆಯನ್ನೇ ಹೇಳತೊಡಗಿದಳು.

"ನಿಮ್ಮಮ್ಮ ಇದನ್ನ ಮೊದಲು ನೋಡಿದ್ದು ನನ್ನ ಜೊತೆಗೇ ಕಣೇ. ನಾನು ಹಾಸನದಿಂದ ಬಂದು ಇಲ್ಲಿನ ವಿಮಾ ಆಫೀಸು ಸೇರಿದ ಹೊಸತು. ನಮ್ಮನೆಯವರು ಆಗ ವಡೋದರಾದಲ್ಲಿದ್ರು, ನಾನಿಲ್ಲಿ ಹಾಸ್ಟೆಲಲ್ಲಿ. ಒಂದು ಸಂಜೆ ಅದೇ ಆಫೀಸಲ್ಲಿದ್ದ ನಿಮ್ಮಮ್ಮ, 'ನಾ ಈ ಊರಿಗೆ ಬಂದು ಇಷ್ಟು ದಿನ ಆತು, ಹೊಳಿ ದಂಡಿಗೆ ಹೋಗೇ ಇಲ್ಲ, ಬಾರವಾ' ಅಂತ ಎಳ್ಕೊಂಡು ಬಂದ್ಳು. ಇಲ್ಲಿ ಬಂದು ನೋಡ್ತಾಳೆ, ಸೀತನಿ! 'ಅಯ್ಯ, ನಮ್ಮೂರ ಸೀತನಿ!' ಅಂತ ಕೂಗಿ ಗಳಗಳ ಅತ್ತಳು. ಊರಿನ ನೆನಪು, ಪಾಪ. ನಾನೇ ಸಮಾಧಾನ ಮಾಡಿದೆ. ನನಗೂ ಅಳು ಬಂತು. ಇಬ್ಬರೂ ಸೇರಿ ಅತ್ತು, ತಿಂದು, ನಕ್ಕು ವಾಪಸ್ ಹೋದ್ವಿ. ಅವತ್ತಿಂದ ಗೆಳತಿಯರು."

ವಿಂಧ್ಯಾ ತುಟಿ ಬಿಗಿಹಿಡಿದು ಕೂತಿದ್ದಳು. ತಡೆಯಲಾಗದೆ ನಗು ಉಕ್ಕಿತು.

"ಏನೇ?"

"ಮಾಸಿ, ಈಗ ಹೇಳಬಹುದು ಅನಸ್ತದ. ಮಮ್ಮಿ ನಿಮಗ ಹೇಳಬ್ಯಾಡ ಅಂದಿದ್ಲು. ಅಕಿ ಅದಕ್ಕಿಂತ ಮೊದಲ ಎಷ್ಟೋ ವರ್ಷದಿಂದ ಇಲ್ಲಿ ಬರತಿದ್ಲು. ಅಂಗಡಿಯವರಿಗೆಲ್ಲ ಗೊತ್ತಿತ್ತು."

"ಮತ್ತೆ ಆ ಕೂಗಿದ್ದು?"

"ಆಕ್ಟಿಂಗ್! ಅವತ್ತು ಆಫೀಸಿನ ರೆಕಾರ್ಡ್ ರೂಮಿನಾಗ ನೀವು ಒಬ್ರೇ ಅಳೋದು ಮಮ್ಮಿ ನೋಡಿದ್ಲು. ಕೇಳಿದ್ರ ನೀವು ಏನೂ ಇಲ್ಲ ಅಂತೀರಿ. ಅದಕ್ಕ ಇಲ್ಲಿಗೆ ಕರಕೊಂಡು ಬಂದು, ತಾನೇ ಮೊದಲು ಅಳೋದು ಅಂತ ಪ್ಲಾನ್ ಮಾಡಿದ್ಲು."

ಹೇಮಲತಾ ಮಜ್ಜಿಗೆ ಲೋಟ ಕೆಳಗಿಟ್ಟಳು. ಧೂಳು ಹಿಡಿದ ಕಪಾಟುಗಳ ನಡುವೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಅವಳಿಗೆ ನೆನಪಿತ್ತು. ಅದನ್ನು ಯಾರಾದರೂ ನೋಡಿರಬಹುದೆಂದು ಇಷ್ಟು ವರ್ಷ ಅನ್ನಿಸಿರಲೇ ಇಲ್ಲ.

"ಅಂದ್ರೆ ಆ ಕಣ್ಣೀರೂ ಸುಳ್ಳೇನೇ?"

"ಅದು ಮಾತ್ರ ಖರೇ. ಆಕ್ಟಿಂಗ್ ಮಾಡಾಕ ಹೋಗಿ ಖರೇನ ಅಳು ಬಂತಂತ. ನಿಲ್ಲಲೇ ಇಲ್ಲಂತ."

"ನನಗ್ಯಾಕೆ ಹೇಳಲಿಲ್ಲ ಅವಳು?"

ವಿಂಧ್ಯಾ ತಾಯಿಯ ಧಾಟಿಯಲ್ಲೇ ಹೇಳಿದಳು: "'ನನ್ನ ಸಮಾಧಾನ ಮಾಡೀನಂತ ಹೇಮಾಗ ಭಾಳ ಹೆಮ್ಮೆ ಐತಿ. ಇರಲಿ ಬಿಡು.'"

ಹೇಮಲತಾ ಬೆರಗಾಗಿ ಕುಳಿತಳು. ಎಷ್ಟು ಚಳಿಗಾಲ ಇದೇ ಬೆಂಚಿನ ಮೇಲೆ ಕೂತು ತಾನು ಈ ಕತೆ ಹೇಳಿದ್ದಳೋ! ಸುಲೋಚನಾ ಪ್ರತಿ ಸಲವೂ ಕಾಳು ಅಗಿಯುತ್ತ, "ಹೌದವಾ, ನೀ ಇರಲಿಲ್ಲಂದ್ರ ಅವತ್ತ ನನ್ನ ಗತಿ ಏನಿತ್ತು" ಎಂದು ತಲೆ ಆಡಿಸುತ್ತಿದ್ದಳು. "ಕಳ್ಳಿ!" ಎಂದಳು ಹೇಮಲತಾ ಜೋರಾಗಿ. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಕಣ್ಣು ಒರೆಸಿಕೊಂಡಾಗ ಎದೆ ಹಗುರಾಗಿತ್ತು. ಗೆಳತಿಯ ಬಗ್ಗೆ ತನಗೆ ಗೊತ್ತಿಲ್ಲದ್ದು ಇನ್ನೂ ಇದೆ, ಅದನ್ನು ಹೇಳುವವರೂ ಇದ್ದಾರೆ ಎನ್ನುವುದೇ ಅವಳಿಗೆ ದೊಡ್ಡ ಸಂಭ್ರಮವಾಯಿತು.

"ನೀ ಒಂದು ಹೇಳಿದೆ. ಈಗ ನಾನೊಂದು ಹೇಳ್ತೀನಿ ಕೇಳು. ನನಗೆ ವಡೋದರಾಕ್ಕೆ ವರ್ಗ ಆದಾಗ ನಿಮ್ಮಮ್ಮ ಸಾಮಾನಿನ ಲಾರೀಲಿ ಡ್ರೈವರ್ ಪಕ್ಕ ಕೂತ್ಕೊಂಡು ಬಂದಿದ್ದು ನಿನಗೆ ಗೊತ್ತಾ?"

"ಮಮ್ಮಿ? ಲಾರಿಯಲ್ಲಿ?" ವಿಂಧ್ಯಾ ಕಣ್ಣರಳಿಸಿದಳು. "ಅಕಿ ನನಗೆ ಹೇಳೇ ಇಲ್ಲ!"

"ಹೇಳ್ತಾಳಾ? ದಾರೀಲಿ ಏನಾಯ್ತು ಅಂತ ಗೊತ್ತಾದ್ರೆ ನಿನಗೆ ಬೈಯೋಕೆ ಅವಳಿಗೆ ಬಾಯಿ ಇರ್ತಿರಲಿಲ್ಲ. ಇನ್ನೊಂದು ಪ್ಲೇಟ್ ಹೇಳು, ಹೇಳ್ತೀನಿ."

ವಿಂಧ್ಯಾ ಅಂಗಡಿಯ ಕಡೆ ಎದ್ದು ಹೋದಳು. ಹೇಮಲತಾ ಫೋನ್ ತೆಗೆದು ದಿವಾಕರನಿಗೆ, ಇವತ್ತು ಇಲ್ಲೇ ಉಳಿಯುತ್ತೇನೆ, ಫ್ರಿಜ್‌ನಲ್ಲಿ ಹುಳಿ ಇದೆ, ಅನ್ನ ಮಾತ್ರ ಮಾಡಿಕೊಳ್ಳಿ ಎಂದು ತಿಳಿಸಿದಳು.