ದಿಣ್ಣೆಯ ದೊಡ್ಡಯ್ಯ

ಗುದ್ದಲಿಯನ್ನು ನೆಲಕ್ಕೆ ಬಿಸಾಡಿ ಮುನಿಯಣ್ಣ ಹಿಂದಕ್ಕೆ ಸರಿದುಬಿಟ್ಟ.

“ನನ್ ಕೈಲಾಗಲ್ಲ ಕಣಪ್ಪ ಉಗ್ರಪ್ಪ. ಬೇರೆ ಎಲ್ಲಾದ್ರೂ ತೋರ್ಸು, ಅಗೀತೀನಿ. ಈ ದಿಣ್ಣೆ ಬುಡದಲ್ಲಿ ಮಾತ್ರ ಬೇಡ.”

ಅವನ ಜೊತೆ ಬಂದಿದ್ದ ಇಬ್ಬರೂ ಹಾರೆಗಳನ್ನು ಕೆಳಗಿಟ್ಟರು. ನೆಲದಲ್ಲಿ ಇನ್ನೂ ಗೇಣುದ್ದ ಮಣ್ಣು ಕದಲಿತ್ತಷ್ಟೆ. ತಮಟೆ ನಿಂತಿತು. ಬದುವಿನ ಹೊಂಗೆಮರದ ನೆರಳಲ್ಲಿ, ಚೆಂಡುಹೂವಿನ ಹಾರದಡಿ ಮಲಗಿದ್ದ ಯಲ್ಲಮ್ಮನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಏನೋ ಹೇಳಿ ತಾನೇ ನಕ್ಕು, ಹಾಗೇ ಗೋಡೆಗೆ ಒರಗಿದವಳು ಅವಳು. ನಗು ಇನ್ನೂ ಬಾಯಿಯ ಒಂದು ಮೂಲೆಯಲ್ಲಿ ಉಳಿದಂತಿತ್ತು. ತಲೆಯ ಬಳಿ ಕೂತು ಬೇವಿನ ಸೊಪ್ಪಿನಿಂದ ನೊಣ ಓಡಿಸುತ್ತಿದ್ದ ಓರಗಿತ್ತಿ ಮುನಿಯಕ್ಕ ಬೆಳಗಿನಿಂದಲೂ ಆ ಮೂಲೆಯನ್ನೇ ನೋಡುತ್ತಿದ್ದಳು.

“ಅಮ್ಮನ ಆಸೆ ಮುನಿಯಣ್ಣ, ಬಾಯ್ಬಿಟ್ಟು ಹೇಳಿದ್ಲು” ಎಂದ ಯಲ್ಲಮ್ಮನ ಮಗ ಉಗ್ರಪ್ಪ. “ಜಾಗ ನಮ್ದೇ ಅಲ್ವಾ?”

“ಜಾಗ ನಿಮ್ದೇ ಇರ್ಬೋದು. ದಿಣ್ಣೆ ದೊಡ್ಡಯ್ಯಂದು. ನಂಗೂ ಹೆಂಡ್ರು ಮಕ್ಳವ್ರೆ.”

ಊರ ಸ್ಮಶಾನಕ್ಕೆ ಒಯ್ಯುವಂತಿರಲಿಲ್ಲ. ಆ ವರ್ಷ ಪುಟ್ಟೇನಹಳ್ಳಿ ಕೆರೆ ಕೋಡಿ ಹರಿದು ಅಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮುನಿಯಕ್ಕನ ಗಂಡ ಬೋರಯ್ಯ ಟವೆಲ್ಲನ್ನು ಹೆಗಲಿಂದ ಹೆಗಲಿಗೆ ಬದಲಿಸಿದ.

“ವಿಲ್ಸನ್ ಗಾರ್ಡನ್‌ಗೆ ತಗೊಂಡೋಗೋಣ. ಅಲ್ಲಿ ಸುಡ್ತಾರೆ. ಹೊತ್ತು ಮುಳುಗೋದ್ರೊಳಗೆ ಮುಗ್ದೋಗ್ತದೆ.”

“ಸುಡೋದಾ?” ಮುನಿಯಕ್ಕನ ಕೈಯಲ್ಲಿದ್ದ ಬೇವಿನ ಸೊಪ್ಪು ನಿಂತಿತು. “ನಮ್ಮನೇಲಿ ಯಾರನ್ನ ಸುಟ್ಟಿದೀವಿ?”

“ಮತ್ತೇನ್ ಮಾಡನ ಹೇಳು? ದೊಡ್ಡಯ್ಯನ ಹತ್ರ ಜಗಳ ಆಡಕ್ಕಾಗ್ತದಾ?”

ಹಾರೆಗಳನ್ನು ಕೊಟ್ಟು ಅಲ್ಲೇ ನಿಂತಿದ್ದ ಕೊಟ್ರಪ್ಪ ಹೌದೆಂಬಂತೆ ತಲೆಯಾಡಿಸಿದ. ಜೆ.ಪಿ. ನಗರದ ಕಡೆಯಿಂದ ಹೊಸ ಲೇಔಟಿನ ರಸ್ತೆ ಹಾಕಿಸುತ್ತ ಬರುತ್ತಿದ್ದ ಮೇಸ್ತ್ರಿ ಅವನು. ರಸ್ತೆ ದಿಣ್ಣೆಯ ಹತ್ತಿರದವರೆಗೆ ಬಂದು ನಿಂತುಬಿಟ್ಟಿತ್ತು.

“ನಮ್ಮ ಆಳುಗಳೂ ಅದಕ್ಕೇ ಮುಂದಕ್ಕೆ ಬರವಲ್ಲರು ಅಕ್ಕಾರೆ. ಇಂಜಿನಿಯರ್ ಸಾಹೇಬ್ರು ಬೈದು ಬೈದು ಸಾಕಾಗ್ಯಾರ. ಇಲ್ಲಿ ದೆವ್ವ ಗಿವ್ವ ಏನೂ ಇಲ್ಲ ಅಂತ ಊರೋರೊಬ್ರು ಹೇಳಿದ್ರೆ ಸಾಕು, ನಾಳೆ ಬೆಳಿಗ್ಗೇನೇ ದಿಣ್ಣೆ ಸಮ ಮಾಡ್ತೀವಿ.”

ಮುನಿಯಕ್ಕನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಆ ಮಾತು ಹೇಳಿದರೆ ಗುಣಿ ಈಗಲೇ ಆದೀತು. ಆದರೆ ಅದೇ ಮಾತಿಗೆ ನಾಳೆ ದಿಣ್ಣೆಯೇ ಇರುವುದಿಲ್ಲ.

*

ಮುನಿಯಕ್ಕ ಆ ಮನೆಗೆ ಕಿರಿಸೊಸೆಯಾಗಿ ಬಂದಾಗ ಮೀಸೆ ಮೂಡದ ಬೋರಯ್ಯನಿಗಿಂತ ಅತ್ತೆ ಸಪ್ಪಲಮ್ಮನ ಕಣ್ಣನ್ನೇ ಹೆಚ್ಚು ನೋಡಿದವಳು. ಸೊಸೆಯರು ಕೂತರೆ, ನಕ್ಕರೆ, ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಆ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಒಂದು ದಿನ ಕಳೆ ಕೀಳಲು ಹೋದಾಗ ಯಲ್ಲಮ್ಮ ಅವಳ ಕೈ ಹಿಡಿದು ಎಳೆದಳು.

“ಬಾರೇ, ನಮ್ಮ ಅರಮನೆ ತೋರಿಸ್ತೀನಿ.”

ದಿಣ್ಣೆಯ ಸುತ್ತ ಬಳೆ ಜೋಡಿಸಿದ ಹಾಗೆ ಗುಂಡುಕಲ್ಲುಗಳಿದ್ದವು. ನೆತ್ತಿಯ ಮೇಲೆ, ನಿಲ್ಲಿಸಿದ ಚಪ್ಪಡಿಗಳ ನಡುವೆ ಒಂದು ಪುಟ್ಟ ಕೋಣೆ. ಅದಕ್ಕೆ ಇನ್ನೊಂದು ಚಪ್ಪಡಿಯ ಸೂರು. ಪಾಂಡವರು ವನವಾಸದಲ್ಲಿ ಕಟ್ಟಿಕೊಂಡ ಮನೆ ಎನ್ನುತ್ತಿದ್ದರು ಊರವರು. ಇಬ್ಬರೂ ಬಗ್ಗಿ ಒಳಹೊಕ್ಕರೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಷ್ಟು ಜಾಗ. ಯಲ್ಲಮ್ಮ ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದಳು. ತವರು ಬಿಟ್ಟ ಮೇಲೆ ಮುನಿಯಕ್ಕ ಹೊಟ್ಟೆತುಂಬ ನಕ್ಕಿದ್ದು ಅಂದೇ.

ಒಮ್ಮೆ ಸಪ್ಪಲಮ್ಮ ಹುಡುಕಿಕೊಂಡು ದಿಣ್ಣೆಯ ಬುಡಕ್ಕೇ ಬಂದುಬಿಟ್ಟಳು. “ಎಲ್ಲಿ ಸತ್ರೇ ಇಬ್ರೂ?” ಎಂದು ಕೂಗಿದ್ದು ಕಲ್ಲಿಗೆ ಬಡಿಯಿತು. ಮುನಿಯಕ್ಕನ ಜೀವವೇ ಹೋಯಿತು. ಯಲ್ಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆಯೊಳಗಿನಿಂದ ಒಂದು ದನಿ ತೆಗೆದಳು.

“ಯಾರ್... ಅದೂ...”

ಕಲ್ಲಿನ ಗೂಡು ಆ ದನಿಯನ್ನು ಹಿಗ್ಗಿಸಿ ಹೊರಕ್ಕೆ ಕಳಿಸಿತು. ಸಪ್ಪಲಮ್ಮ ಓಡಿದ ಓಟಕ್ಕೆ ಬದುವಿನ ಮೇಲಿದ್ದ ಮೇಕೆಗಳೂ ಚೆದುರಿದವು. ಜ್ವರ ಬಂತು, ತಾಯತ ಕಟ್ಟಿಸಿದರು. ದಿಣ್ಣೆಯಲ್ಲಿ ದೊಡ್ಡಯ್ಯ ಇದ್ದಾನೆ ಎಂದು ಊರೇ ಒಪ್ಪಿಕೊಂಡಿತು. ವರ್ಷಕ್ಕೊಮ್ಮೆ ಅವನಿಗೆ ಮುದ್ದೆ, ಕೋಳಿಸಾರಿನ ಎಡೆ ಎಂದಾಯಿತು. ಒಯ್ಯುವ ಧೈರ್ಯ ಯಾರಿಗೂ ಇಲ್ಲದೆ ಸಪ್ಪಲಮ್ಮ ಸೊಸೆಯರನ್ನೇ ಕಳಿಸಿದಳು. ಆ ಮನೆಯಲ್ಲಿ ಕೋಳಿಯ ತೊಡೆ ಸೊಸೆಯರ ಪಾಲಿಗೆ ಬಂದದ್ದು ದೊಡ್ಡಯ್ಯನ ದಯೆಯಿಂದ ಮಾತ್ರ. ಎಲೆ ಬರಿದಾಗಿ ಬಂದದ್ದನ್ನು ನೋಡಿ ಸಪ್ಪಲಮ್ಮ ಕೈಮುಗಿಯುತ್ತಿದ್ದಳು.

*

ವಯಸ್ಸಾದ ಮೇಲೂ ಇಬ್ಬರೂ ಸೊಪ್ಪಿನ ಬುಟ್ಟಿ ಹೊತ್ತು ಜಯನಗರಕ್ಕೆ ಹೋಗುತ್ತಿದ್ದರು. ದಿನಾ ಸೊಪ್ಪು ಕೊಳ್ಳುತ್ತಿದ್ದ ವಾರಿಜಮ್ಮನ ಮನೆಯ ಜಗಲಿಯಲ್ಲಿ ಕೂತರೆ ಕಾಫಿ ಸಿಗುತ್ತಿತ್ತು. ಅವರ ಯಜಮಾನರು ಅನಂತರಾಮು ಕಾಲೇಜಿನಲ್ಲಿ ಚರಿತ್ರೆ ಹೇಳಿ ರಿಟೈರ್ ಆದವರು. ಊರಿನ ಮಾತಿಗೆ ಮಾತು ಬಂದು ಯಲ್ಲಮ್ಮ ದಿಣ್ಣೆಯ ವಿಷಯ ಹೇಳಿದಾಗ ಅವರು ಪೇಪರ್ ಮಡಿಸಿಟ್ಟರು.

“ಸುತ್ತ ಗುಂಡುಕಲ್ಲು ಇದ್ಯಾ? ಹಾಗಾದ್ರೆ ಅದು ಮನೆ ಅಲ್ಲಮ್ಮ, ಸಮಾಧಿ. ಕಬ್ಬಿಣ ಮಾಡೋದನ್ನ ಜನ ಆಗಷ್ಟೇ ಕಲ್ತಿದ್ರಲ್ಲ, ಆ ಕಾಲದ್ದು. ಸತ್ತೋರ ಜೊತೆ ಗಡಿಗೇಲಿ ಕಾಳು, ನೀರು ಎಲ್ಲ ಇಟ್ಟು ಮುಚ್ಚೋರು.”

“ಊಟನೂ ಇಡೋರಾ ಸ್ವಾಮಿ?”

“ಇಡೋರು. ತಮ್ಮೋರು ಹಸ್ಕೊಂಡಿರಬಾರ್ದು ಅಂತ.”

ದಾರಿಯಲ್ಲಿ ಯಲ್ಲಮ್ಮ ಬುಟ್ಟಿ ಇಳಿಸಿ, ಮರಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಗೋರಿಯೊಳಗೆ ಕೂತು ಕಳ್ಳೇಕಾಯಿ ತಿಂದ್ವಲ್ಲೇ ಮುನಿಯಕ್ಕ! ಅವ್ರ ಪಾಲಿನ ಕೋಳೀನೂ ತಿಂದ್ವಿ. ಪಾಪ, ಒಂದು ದಿನ ಬೈಲಿಲ್ಲ ನೋಡು.” ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದಳು, “ನಾನು ಹೋದ್ರೆ ಅಲ್ಲೇ ಪಕ್ಕದಲ್ಲಿ ಮಲಗಿಸ್ರಮ್ಮ. ಆ ಮನೇಲಿ ಇದ್ದಷ್ಟು ಸುಖವಾಗಿ ನಾನು ಎಲ್ಲೂ ಇರ್ಲಿಲ್ಲ.”

*

ಮುನಿಯಕ್ಕ ಬೇವಿನ ಸೊಪ್ಪನ್ನು ಪಕ್ಕದವಳ ಕೈಗೆ ಕೊಟ್ಟು ಎದ್ದಳು.

“ಯಾರೂ ಎಲ್ಲೂ ತಗೊಂಡೋಗೋದು ಬೇಡ. ನಾನು ಹೋಗಿ ದೊಡ್ಡಯ್ಯನ್ನ ಕೇಳ್ಕೊಂಡು ಬರ್ತೀನಿ. ಇಷ್ಟು ವರ್ಷ ಎಡೆ ಕೊಟ್ಟಿರೋಳು ನಾನು.”

“ಏಯ್, ತಲೆ ಗಿಲೆ ಕೆಟ್ಟಿದ್ಯೇನೇ?” ಬೋರಯ್ಯ ಅಡ್ಡ ಬಂದ.

“ಸುಮ್ನಿರಿ.”

ದಿಣ್ಣೆ ಹತ್ತುವಾಗ ಮಂಡಿ ನೋಯಿತು. ಎರಡು ಕಡೆ ಕೈಯೂರಿ ನಿಂತಳು. ಚಪ್ಪಡಿಯ ಕೆಳಗೆ ತೂರಿಕೊಳ್ಳಲು ಸೊಂಟ ಬಗ್ಗದೆ ತೆವಳಬೇಕಾಯಿತು. ಒಳಗೆ ತಂಪಾಗಿತ್ತು. ಇಬ್ಬರಿಗೆ ಸಾಲದಾಗಿದ್ದ ಜಾಗದಲ್ಲಿ ಈಗ ಒಬ್ಬಳೇ ಕೂತರೆ ಎದುರಿನ ಕಲ್ಲು ದೂರದಲ್ಲಿತ್ತು. ಬೆಳಗಿನಿಂದ ಎಲ್ಲರೆದುರು ಅಳು ಬಂದಿರಲಿಲ್ಲ. ಆ ಖಾಲಿ ಜಾಗವನ್ನು ನೋಡುತ್ತ ಈಗ ಬಂತು. ಅಳುತ್ತಳುತ್ತಲೇ ಅತ್ತೆಯ ಓಟ ನೆನಪಾಗಿ ನಗು ಬಂತು. ಸೆರಗನ್ನು ಬಾಯಿಗೆ ಅದುಮಿ ಹಿಡಿದಳು.

ಆ ದನಿಯನ್ನು ಅವಳು ಯಾವತ್ತೂ ಮಾಡಿದವಳಲ್ಲ. ಅದು ಯಾವಾಗಲೂ ಯಲ್ಲಮ್ಮನ ಕೆಲಸ. ಬರುತ್ತದೋ ಇಲ್ಲವೋ ಎಂದು ಅಳುಕಿದಳು. ಉಸಿರು ಎಳೆದುಕೊಂಡು ಹೊಟ್ಟೆಯೊಳಗಿನಿಂದ ತೆಗೆದಳು.

“ಬರ್ಲಿ... ನಮ್ಮೋಳು... ಬರ್ಲೀ...”

ಅಳುವಿನಲ್ಲಿ ಒಡೆದ ಗಂಟಲಿಗೋ ಏನೋ, ಕಲ್ಲು ಅದನ್ನು ಹಿಂದಿನಂತೆಯೇ ಹಿಗ್ಗಿಸಿತು. ತನ್ನ ದನಿಗೆ ತಾನೇ ಅವಳ ಮೈ ಜುಮ್ಮೆಂದಿತು.

ಇಳಿದು ಬಂದಾಗ ಮುನಿಯಣ್ಣ ನೆಲಕ್ಕೆ ಹಣೆ ಹಚ್ಚಿದ್ದ. ಬೋರಯ್ಯನ ಟವೆಲ್ಲು ಸೊಂಟಕ್ಕೆ ಇಳಿದಿತ್ತು. ಕೊಟ್ರಪ್ಪ ಚಪ್ಪಲಿ ಬಿಟ್ಟು ನಿಂತಿದ್ದ. ಉಗ್ರಪ್ಪ ಮಾತ್ರ ಕೈಮುಗಿದಿರಲಿಲ್ಲ. ಚಿಕ್ಕಂದಿನಲ್ಲಿ ಮುದ್ದೆ ನುಂಗದೆ ಹಟ ಮಾಡಿದಾಗಲೆಲ್ಲ ಅಮ್ಮ ಬಾಗಿಲ ಹಿಂದೆ ನಿಂತು ಆ ದನಿ ತೆಗೆಯುತ್ತಿದ್ದಳು. ಅವನು ಚಿಕ್ಕಮ್ಮನನ್ನೇ ನೋಡಿದ. ಅವಳೂ ನೋಡಿದಳು. ಅವನ ತುಟಿ ಅದುರಿತು. ಅಳುವೋ ನಗುವೋ ಬೇರೆಯವರಿಗೆ ತಿಳಿಯದ ಹಾಗೆ ತಿರುಗಿ ಮುಖ ಒರೆಸಿಕೊಂಡ.

“ದೊಡ್ಡಯ್ಯನೇ ಹೇಳಾಯ್ತಲ್ಲ ಮುನಿಯಣ್ಣ. ಹೂಂ, ತಗೊ ಗುದ್ದಲಿ” ಎಂದ.

ಮಣ್ಣು ಸಲೀಸಾಗಿ ಬಂತು. ತಮಟೆ ಮತ್ತೆ ಶುರುವಾಯಿತು. ಕೊನೆಯ ಹಿಡಿ ಮಣ್ಣು ಹಾಕಿ ಎಲ್ಲರೂ ಕೆರೆಯ ಕಡೆ ಹೊರಟಾಗ ಕೊಟ್ರಪ್ಪ ಮುನಿಯಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

“ಸಾಹೇಬ್ರಿಗೆ ನಾನೇ ಹೇಳ್ತೀನಿ ಅಕ್ಕಾರೆ. ರಸ್ತೇನ ಒಂಚೂರು ಆ ಕಡೆ ತಿರುಗಿಸಿದ್ರೆ ಯಾರ ಗಂಟೇನು ಹೋಗ್ತದ?”

ಮಿಂದು ಮರಳುವಾಗ ಹೊತ್ತು ಇಳಿದಿತ್ತು. ಗಂಡಸರು ಮುಂದೆ ಹೋಗಿದ್ದರು. ಹೊಸ ರಸ್ತೆಯಲ್ಲಿ ಇನ್ನೂ ಒಂದು ಮನೆಯಿರಲಿಲ್ಲ, ಒಂದು ಗಾಡಿಯಿರಲಿಲ್ಲ. ಹಗಲಿನ ಬಿಸಿಲು ಕುಡಿದ ಟಾರು ಬೆಚ್ಚಗಿದೆಯೆಂದು ಯಾರದೋ ಕುರಿಮಂದೆ ರಸ್ತೆಯ ಉದ್ದಕ್ಕೂ ಮಲಗಿ ಮೆಲುಕು ಹಾಕುತ್ತಿತ್ತು. ಮುನಿಯಕ್ಕ ಒದ್ದೆ ಸೀರೆಯಲ್ಲಿ ನಡುಗುತ್ತ ಅವುಗಳ ನಡುವೆ ನಿಂತಳು. ಒಂದು ಕುರಿ ಕೊಂಚ ಸರಿದು ಜಾಗ ಬಿಟ್ಟಿತು. ಅವಳು ಕೂತು, ಎರಡೂ ಅಂಗಾಲನ್ನು ಆ ಬೆಚ್ಚನೆಯ ಕಪ್ಪಿನ ಮೇಲೆ ಊರಿದಳು.