ಬರೀ ಹೆಂಡತಿ

ಕತ್ತಿನ ಹಿಂಭಾಗಕ್ಕೆ ಗಾಳಿ ತಾಗುತ್ತಿದೆ, ಬೆವರು ಆರುತ್ತಿದೆ, ಇದು ಫ್ಯಾನಿನ ಗಾಳಿಯಲ್ಲ, ಫ್ಯಾನಿನದು ಮೇಲಿಂದ ಬಿಸಿಯಾಗಿ ಸುರಿಯುತ್ತದೆ, ಇದು ಹಿಂದಿನ ಬಾಗಿಲಿನದು, ಒಗೆದ ಜೀನ್ಸಿನ ನೀಲಿ ನೀರಿನ ವಾಸನೆ ಹೊತ್ತು ಬರುತ್ತಿದೆ — ಎರಡು ವರ್ಷ ಬೀಗ ಬಿದ್ದಿದ್ದ ಬಾಗಿಲು ನಾಲ್ಕು ದಿನದಿಂದ ತೆರೆದೇ ಇದೆ, ಯಾರು ತೆಗೆಸಿದರು, ಅಂಚಿಗೆ ಅಂಚು ಕೂಡಿಸು ಉಜ್ಜಿನಮ್ಮ, ಕಾಲು ಒತ್ತು, ಪ್ಯಾಂಟಿನ ಬದಿ ಹೊಲಿಗೆ ಡೊಂಕಾದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಗಂಗಕ್ಕ ಹೇಳುತ್ತಾಳೆ, ಇನ್ಯಾರು ತೆಗಸ್ತಾರ, ಆಯಮ್ಮನ ತೆಗಸ್ಯಾಳ. ನನಗೆ ನಂಬಿಕೆಯಿಲ್ಲ. ನಂಬಿದರೂ ಸಮಾಧಾನವಿಲ್ಲ. ಗಂಗಕ್ಕನಿಗೆ ನಂಬುವ ಹಕ್ಕಿದೆ, ಹೋದ ಶ್ರಾವಣದಲ್ಲಿ ಕರೆಂಟಿನ ಬೋರ್ಡು ಸಿಡಿದು ಚಿಂದಿ ರಾಶಿಗೆ ಬೆಂಕಿ ಹತ್ತಿದಾಗ ಕೆಳಗೆ ಬಿದ್ದವಳು ಅವಳೇ, ನಲವತ್ತು ಹೆಂಗಸರು ಒಂದೇ ಮುಂಬಾಗಿಲಿಗೆ ನುಗ್ಗಿದೆವು, ಹಿಂದಿನದಕ್ಕೆ ಬೀಗ, ಬಟ್ಟೆ ಕದ್ದೊಯ್ಯುತ್ತೇವೆ ಅಂತ ಬೀಗ, ಹೊಗೆಯಲ್ಲಿ ಯಾರ ಕಾಲು ಯಾರ ಮೇಲೆ ಗೊತ್ತಾಗಲಿಲ್ಲ, ಬೆಂಕಿ ಸಣ್ಣದು, ಎರಡು ಬಕೆಟ್ ನೀರಿಗೆ ಆರಿತು, ಗಂಗಕ್ಕನ ಮಣಿಕಟ್ಟು ಮಾತ್ರ ಮುರಿದು ಸೊಟ್ಟಗೆ ಕೂಡಿಕೊಂಡಿತು, ನನ್ನ ಕಾಲಿಗೆ ಮೆತ್ತಗೆ ಏನೋ ಸಿಕ್ಕಿತ್ತು, ಅದು ಅವಳ ಕೈ ಆಗಿರಬಾರದು ದೇವರೇ, ಮಾರನೆಯ ದಿನವೂ ಬೀಗ ಅಲ್ಲೇ ಇತ್ತು.

ಆಯಮ್ಮ ಬರುತ್ತಾಳೆಂದು ಸುದ್ದಿ ಬಂದದ್ದು ಒಂದು ವಾರ ಮುಂಚೆ. ದೇಶದ ದೊಡ್ಡ ಕುರ್ಚಿಯಲ್ಲಿ ಕೂತವರ ಹೆಂಡತಿ, ಅವರು ಅನಂತಪುರದಲ್ಲಿ ಭಾಷಣ ಮಾಡುವಾಗ ಈಕೆ ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವ ಹೆಂಗಸರನ್ನು ಮಾತಾಡಿಸುತ್ತಾಳಂತೆ, ಯಾಕೆ, ಏನಾಗಬೇಕು ಆಕೆಗೆ ನಮ್ಮಿಂದ, ನಾವು ಓಟು ಹಾಕಿದ್ದು ಆತನಿಗೆ, ಆಕೆಯ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ. ಗೋಡೆಗೆ ಸುಣ್ಣ ಬಂತು, ಕುಡಿಯುವ ನೀರಿಗೆ ಹೊಸ ಕ್ಯಾನು ಬಂತು, ಹಿಂದಿನ ಬಾಗಿಲಿನ ಬೀಗ ತೆಗೆದು ಕದಕ್ಕೆ ಹೂಮಾಲೆ ಕಟ್ಟಿದರು. ಸೂಪರ್‌ವೈಸರ್ ಪ್ರಸಾದ್ ನನ್ನನ್ನೇ ಆರಿಸಿದ, ಉಜ್ಜಿನಮ್ಮ ಬೆಂಗಳೂರು ಗಾರ್ಮೆಂಟ್ಸಿನಾಗ ಇದ್ದಾಕಿ, ಕಾರು ಕಂಡು ಹೆದರಂಗಿಲ್ಲ, ಆಕೀನ ಮುಂದ ಕುಂದರ್ಲಿ. ಆಮೇಲೆ ಕಿವಿಯ ಹತ್ತಿರ ಬಂದು, ನೋಡಕ್ಕ, ಆಯಮ್ಮ ಏನ್ ಕೇಳಿದ್ರೂ ಚೊಲೋ ಐತ್ರಿ ಮೇಡಂ ಅನ್ನು, ಅಷ್ಟ, ಮುಂದಿಂದು ಮೌನಿಕಾ ಮೇಡಂ ಹಿಂದಿಯಾಗ ಹೇಳ್ತಾರ. ಮೌನಿಕಾ ಅಂದರೆ ಮಾಲೀಕರ ಸೊಸೆ, ಹೈದರಾಬಾದಿನಲ್ಲಿ ಓದಿದವಳು. ನನಗೆ ಹಿಂದಿ ತಿಳಿಯುತ್ತದೆ ಅಂತ ಪ್ರಸಾದನಿಗೆ ಗೊತ್ತಿಲ್ಲ, ಬೆಂಗಳೂರಿನಲ್ಲಿ ನನ್ನ ಎಡಕ್ಕೂ ಬಲಕ್ಕೂ ಒಡಿಶಾದ ಹುಡುಗಿಯರು, ನಮ್ಮ ನಡುವೆ ಹಿಂದಿಯೇ ಮಾತು, ಮೂರು ವರ್ಷ ಅವರ ಜೊತೆ ಉಂಡಿದ್ದೇನೆ, ಜಗಳ ಆಡಿದ್ದೇನೆ, ಹಿಂದಿಯಲ್ಲಿ ಬೈಯುವುದಕ್ಕೂ ಬರುತ್ತದೆ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಆಕೆ ಬಂದದ್ದು ಹನ್ನೊಂದು ಗಂಟೆಗೆ. ಸಾದಾ ನೂಲಿನ ಸೀರೆ, ಹಿಮ್ಮಡಿ ಸವೆದ ಚಪ್ಪಲಿ, ನಾನು ಚಪ್ಪಲಿಯನ್ನೇ ನೋಡಿದೆ, ಇದು ತಾನಾಗಿ ಸವೆದದ್ದೋ, ಇಂಥ ಕಡೆ ಹೋಗುವಾಗ ಹಾಕಿಕೊಳ್ಳಲೆಂದೇ ಬೇರೆ ಎತ್ತಿಟ್ಟದ್ದೋ. ನಗು ಚೆನ್ನಾಗಿತ್ತು, ಚೆನ್ನಾಗಿರಲಿಕ್ಕೇ ಅಲ್ಲವೇ ಕರೆತರುವುದು, ಗಂಡನ ಮುಖ ಬಿಗಿದುಕೊಂಡಿದ್ದರೆ ಹೆಂಡತಿಯ ಮುಖ ನಗಬೇಕು, ಅದೂ ಒಂದು ಕೂಲಿಯೇ. ಹಿಂದೆ ಬೂದು ಸಫಾರಿ ಸೂಟಿನವನೊಬ್ಬ, ಕೈಯಲ್ಲಿ ಹಾಳೆ, ಎಲ್ಲಿ ಎಷ್ಟು ನಿಮಿಷ ಅಂತ ಬರೆದದ್ದಿರಬೇಕು. ನನ್ನ ಪಕ್ಕದ ಮಿಷಿನ್ನಿಗೆ ಆಕೆಯನ್ನು ಕೂರಿಸಿದರು, ಫೋಟೋದವರು ಮುತ್ತಿದರು, ಆಕೆ ಬಟ್ಟೆ ಸರಿಸಿ ಕಾಲೊತ್ತಿದಳು, ಮಿಷಿನ್ನು ಓಡಿತು, ಹೊಲಿಗೆ ಬೀಳಲಿಲ್ಲ. ಬೆಳಿಗ್ಗೆಯೇ ಪೊಲೀಸರು ಬಂದು ಸೂಜಿ ತೆಗೆಸಿದ್ದರು, ಕೈಗೆ ಚುಚ್ಚೀತು ಅಂತ. ಎಲ್ಲರಿಗೂ ಗೊತ್ತು, ಆಕೆಗೊಬ್ಬಳಿಗೆ ಗೊತ್ತಿಲ್ಲ. ಆಕೆ ಬಾಗಿ ನೋಡಿ, ಬೆರಳಿನಿಂದ ಮುಟ್ಟಿ, ಸುಯಿ ಹೀ ನಹೀ ಹೈ ಅಂದಳು, ಸೂಜಿಯೇ ಇಲ್ಲ ಅಂತ, ನನಗಷ್ಟೇ ಕೇಳುವಷ್ಟು ಮೆಲ್ಲಗೆ, ನಗಲಿಲ್ಲ. ಆಗ ಮೊದಲ ಸಲ ಆಕೆಯ ಮೇಲೆ ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೇ ಅನುಮಾನ ಬಂತು, ಇದೂ ಕಲಿತ ವಿದ್ಯೆಯಾಗಿರಬಹುದು.

ನನ್ನ ಕಡೆ ತಿರುಗಿ ಇಲ್ಲಿ ಏನಾದರೂ ಕಷ್ಟ ಇದೆಯೇ ಅಂತ ಕೇಳಿದಳು, ಮೌನಿಕಾ ಕನ್ನಡದಲ್ಲಿ ಹೇಳುವ ಮೊದಲೇ ನನಗೆ ತಿಳಿದಿತ್ತು, ಚೊಲೋ ಐತ್ರಿ ಅನ್ನಬೇಕು, ನಾಲಿಗೆಯ ತುದಿಯಲ್ಲಿ ಚೊಲೋ ಐತ್ರಿ ಇತ್ತು, ಆದರೆ ಎದುರು ಸಾಲಿನಲ್ಲಿ ಗಂಗಕ್ಕ ಸೊಟ್ಟ ಮಣಿಕಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ಹಾಗೆ ಕೂರು ಅಂತ ಅವಳಿಗೆ ಹೇಳಿಕೊಟ್ಟಿದ್ದರು. ಹಿಂದಿನ ಬಾಗ್ಲಾ ಇವತ್ತೊಂದಿನ ತೆಗದಾರ್ರೀ ಮೇಡಂ, ದಿನಾ ಬೀಗ ಇರ್ತೈತಿ, ಬೆಂಕಿ ಬಿದ್ರ ನಾವು ಸಾಯ್ತೀವಿ ಅಂದೆ. ಮೌನಿಕಾಳ ಮುಖ ಬದಲಾಗಲಿಲ್ಲ, ಹಿಂದಿಯಲ್ಲಿ ಹೇಳಿದಳು, ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಅನ್ನುತ್ತಿದ್ದಾಳೆ. ಎಷ್ಟು ಸಲೀಸಾಗಿ ಹೇಳಿದಳು. ನಾನು ಮೂರು ವರ್ಷ ಬೈದು ಕಲಿತ ಹಿಂದಿ ಹೊರಗೆ ಬಂತು, ನಹೀ ಮೇಡಂ, ಝೂಟ್, ಪೀಛೆ ತಾಲಾ, ರೋಜ್ ತಾಲಾ. ಸುಳ್ಳು, ಹಿಂದೆ ಬೀಗ, ದಿನಾ ಬೀಗ. ಬಟ್ಟೆಯ ಮೇಲೆ ಆಕೆಯ ಕೈ ನಿಂತಿತು. ಆಕೆಯ ಕಣ್ಣುಗಳು ಆ ಸಫಾರಿಯವನ ಕಡೆ ಹೋದವು. ಹೋಗಿ ಅಲ್ಲೇ ಇದ್ದವು. ಆಮೇಲೆ ಆಕೆ ಎದ್ದಳು, ಏಳುತ್ತಾ ನನ್ನ ಭುಜ ಹಿಡಿದು, ಮೈಂ ತೋ ಸಿರ್ಫ್ ಪತ್ನೀ ಹೂಂ ಅಂದಳು, ನಾನು ಬರೀ ಹೆಂಡತಿ. ಮೌನಿಕಾ ಅದನ್ನು ಕನ್ನಡಕ್ಕೆ ತರಲಿಲ್ಲ.

ಬರೀ ಹೆಂಡತಿ ಅಂದ ಮೇಲೆ ಯಾಕೆ ಬಂದೆ ತಾಯಿ, ಏಳು ಕಾರು, ಊರೆಲ್ಲ ಪೊಲೀಸರು, ಬರೀ ಹೆಂಡತಿಗೆ ಇಷ್ಟು ಬೇಕೇ, ಮನೆಯಲ್ಲಿರು, ನಿನ್ನ ಪಾಡಿಗೆ ನೀನಿರು, ಬಂದೆಯಾದರೆ ಕೇಳು, ಕೇಳಿದರೆ ಮಾಡು. ಆಕೆ ಹೋದ ಒಂಬತ್ತು ದಿನಕ್ಕೆ ಪ್ರಸಾದ್ ನನ್ನನ್ನು ಮಿಷಿನ್ನಿನಿಂದ ಎಬ್ಬಿಸಿ ನೆಲದ ಮೇಲೆ ದಾರ ಕತ್ತರಿಸಲು ಕೂರಿಸಿದ, ನಾನೇನ್ ಮಾಡ್ಲಕ್ಕ, ಮೇಲಿನವರು ಹೇಳ್ಯಾರ ಅಂದ, ಬೀಗ ಮೊದಲಿನ ಜಾಗಕ್ಕೇ ಬಂತು, ಹೂಮಾಲೆಯ ದಾರ ಕದದಲ್ಲಿ ಒಣಗಿ ನೇತಾಡಿತು. ಮೂರನೆಯ ವಾರ ಇದ್ದಕ್ಕಿದ್ದಂತೆ ಜೀಪಿನಲ್ಲಿ ಅಧಿಕಾರಿಗಳು, ಬೀಗ ಕಿತ್ತರು, ಕೊಂಡಿಯನ್ನೂ ಕಿತ್ತರು, ಸಂಜೆಗೆ ಪ್ರಸಾದ್ ಬಂದು ನಿನ್ನ ಮಿಷಿನ್ನಿಗೆ ಕುಂದ್ರಕ್ಕ ಅಂದ, ಕಣ್ಣು ತಪ್ಪಿಸಿ ಅಂದ. ಯಾರು ಹೇಳಿ ಕಳಿಸಿದರು ಅಂತ ಯಾರೂ ಬಾಯಿ ಬಿಡುವುದಿಲ್ಲ. ಊಟದ ಹೊತ್ತಿಗೆ ಗಂಗಕ್ಕ ಸೊಟ್ಟ ಕೈಯಿಂದಲೇ ಮುದ್ದೆ ಮುರಿಯುತ್ತಾ, ಆಯಮ್ಮ ಗಂಡನ ಕಿವ್ಯಾಗ ಹೇಳ್ಯಾಳ, ಮಂತ್ರಿಗಳಿಗೆ ಆಗದ್ದು ಹೆಂಡ್ತಿಗೆ ಆಕೈತಿ ಅಂದಳು. ಹಂಗಾದ್ರ ನಾಳೆ ಇನ್ನೊಬ್ಬಾಕಿ ಕಿವ್ಯಾಗ ಹೇಳಿ ಬೀಗ ಹಾಕಸ್ತಾಳ, ಆಗ ಯಾರನ್ನ ಕೇಳ್ತಿ ಅಂದೆ. ಗಂಗಕ್ಕ ನನ್ನನ್ನೇ ನೋಡಿದಳು, ನಿನಗ ಬಾಗ್ಲಾ ಬೇಕಾಗಿತ್ತೋ, ತೆಗದಾಕಿ ಜಾತಕ ಬೇಕಾಗಿತ್ತೋ.

ಬಾಗಿಲು ಬೇಕಿತ್ತು. ಬಾಗಿಲೇ ಬೇಕಿತ್ತು. ಆದರೂ ಒಳಗೆ ಕೊರೆಯುತ್ತದೆ, ಯಾಕೆಂದರೆ ನಾನೂ ಒಮ್ಮೆ ಗೆದ್ದವಳು, ಪಂಚಾಯ್ತಿಯಲ್ಲಿ ಹೆಂಗಸರ ಸೀಟು, ಓಟು ಬಿದ್ದದ್ದು ಉಜ್ಜಿನಮ್ಮನಿಗೆ, ಮೆಂಬರು ಅಂತ ಕರೆಸಿಕೊಂಡದ್ದು ನನ್ನ ಗಂಡ ಪೆದ್ದಣ್ಣ, ಕುರ್ಚಿಯಲ್ಲಿ ಕೂತದ್ದೂ ಅವನೇ. ಅವನು ಕೆಟ್ಟದ್ದು ಮಾಡಲಿಲ್ಲ, ನಮ್ಮ ಓಣಿಗೆ ನಲ್ಲಿ ತಂದ, ಇವತ್ತಿಗೂ ಅದರ ನೀರನ್ನೇ ಕುಡಿಯುತ್ತೇವೆ, ಅದೇ ನನ್ನ ಸಿಟ್ಟು, ಕೆಟ್ಟದ್ದು ಮಾಡಿದ್ದರೆ ಬೈಯಬಹುದಿತ್ತು. ಒಮ್ಮೆ ಯರ್ರಪ್ಪಜ್ಜ ತುಂಬಿದ ಸಭೆಯಲ್ಲಿ ನನ್ನನ್ನೇ ಕೇಳಿದ, ನೀ ಹೇಳವಾ, ನಲ್ಲಿ ನಮ್ಮ ಕೇರಿಗೆ ಯಾವಾಗ ಬರ್ತೈತಿ, ಉತ್ತರ ನನಗೆ ಗೊತ್ತಿತ್ತು, ಬಾಯಿ ತೆರೆದೆ, ಅವರನ್ನ ಕೇಳ್ರಿ ಅಂದೆ, ನನ್ನ ಕಣ್ಣು ಪೆದ್ದಣ್ಣನ ಕಡೆ — ಅವನಿಗೆ ಓಟಿಲ್ಲದೆ ಕುರ್ಚಿ, ನನಗೆ ಓಟಿದ್ದೂ ಇಲ್ಲ, ಆಯಮ್ಮನಿಗೆ ಓಟೂ ಇಲ್ಲ ಕುರ್ಚಿಯೂ ಇಲ್ಲ, ಏಳು ಕಾರು ಮಾತ್ರ, ಆಕೆ ಹೇಳಿದಳೋ, ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳೋ, ರಾಯದುರ್ಗದಲ್ಲಿ ಒಂದು ಬಾಗಿಲಿದೆ ಅಂತ, ಅಥವಾ ಕಾರು ಊರು ದಾಟುವ ಮೊದಲೇ ಮರೆತಳೋ, ಅಥವಾ ಆ ಸಫಾರಿಯವನೇ ಹಾಳೆಯ ಮೂಲೆಯಲ್ಲಿ ಬರೆದುಕೊಂಡನೋ, ಅಂಚಿಗೆ ಅಂಚು, ಕಾಲು ಒತ್ತು, ಆಕೆ ನೋಡಿದಾಗ ಅವನು ತಲೆ ಆಡಿಸಿದನೇ, ಬೇಡ ಅಂದನೇ, ಗಡಿಯಾರ ನೋಡಿದನೇ, ಎಷ್ಟು ನೆನೆದರೂ ಅವನ ಮುಖ ಬರುವುದಿಲ್ಲ, ಆಕೆಯದೇ ಬರುತ್ತದೆ, ಬಟ್ಟೆಯ ಮೇಲೆ ನಿಂತ ಕೈ, ಅರ್ಧ ತೆರೆದ ಬಾಯಿ, ಏನೋ ಹೇಳಲಿಕ್ಕಿತ್ತು, ಬೇರೇನೋ ಹೇಳಲಿಕ್ಕಿತ್ತು, ಅದು ಹೊರಗೆ ಬರುವ ಮೊದಲು ಕಣ್ಣು, ಆ ಕಣ್ಣು, ಅವನ ಕಡೆ